ಜಿಡ್ಡಿನ ಕಂಬಳಿ

"ಎಮ್ಮಿ ಗಂಟಲಾಗ ಮಾವಿನ ಗೊರಟಿ ಸಿಕ್ಕೈತ್ರಿ, ಜಲ್ದಿ ಬರ್ರಿ" ಎಂದು ಉಟ್ಕೂರಿನ ಆಚೆಯ ಒಂದು ಹಟ್ಟಿಯಿಂದ ಫೋನ್ ಬಂದಾಗ ನಾನು ಮಕ್ತಲ್‌ನ ಪಶು ಆಸ್ಪತ್ರೆಯಲ್ಲಿ ಹೋತವೊಂದಕ್ಕೆ ಹೊಲಿಗೆ ಹಾಕುತ್ತಿದ್ದೆ. ಮಾವಿನ ಕಾಲ. ಗೊರಟೆ ನುಂಗಿ ಒದ್ದಾಡುವ ದನಗಳು ಆ ದಿನಗಳಲ್ಲಿ ಬಂದೇ ಬರುತ್ತವೆ. ಅಟೆಂಡರ್ ರಬ್ಬರ್ ಕೊಳವೆ, ಬಾಯಿ ತೆರೆದು ಹಿಡಿಯುವ ಕಬ್ಬಿಣ, ಎಣ್ಣೆ ಎಲ್ಲವನ್ನೂ ಡಬ್ಬಿಗೆ ತುಂಬಿದ. ಅರ್ಧ ಗಂಟೆಯ ಕೆಲಸ, ಊಟಕ್ಕೆ ವಾಪಸಾಗಬಹುದು ಎಂದುಕೊಂಡೇ ಹೊರಟೆ.

ಹಟ್ಟಿಯ ಬಾಗಿಲಲ್ಲಿ ಗಾಡಿ ನಿಲ್ಲಿಸುವ ಮೊದಲೇ ಎಮ್ಮೆಯ ಕೂಗು ಕೇಳಿಸಿತು. ಎಮ್ಮೆಗಳ ಕೂಗು ಕೇಳಿಯೇ ಬೆಳೆದವಳು ನಾನು. ಹೀಗೆ ಗಂಟಲು ಒಡೆದು, ಮಧ್ಯದಲ್ಲಿ ಕಡಿದುಹೋಗುವ ಕೂಗು ಅವುಗಳದಲ್ಲ. ಒಳಗೆ ಹೋದೆ. ಎಮ್ಮೆಯ ಬಾಯಿಂದ ಜೊಲ್ಲು ಹಗ್ಗದಂತೆ ಇಳಿಬಿದ್ದಿತ್ತು. ಹಿಂಗಾಲು ನಡುಗುತ್ತಿದ್ದವು. ಮನೆಯ ಅಜ್ಜ ಮೊಣಕೈವರೆಗೂ ಅದರ ಬಾಯೊಳಗೆ ಕೈ ಹಾಕಿ ಗೊರಟೆ ಹುಡುಕುತ್ತಿದ್ದ.

"ಅಜ್ಜಾ, ಕೈ ಹೊರಗ ತಗೀರಿ."

"ಇಲ್ಲೇ ಎಲ್ಲೋ ಐತ್ರಿ ಡಾಕ್ಟರಮ್ಮ, ಇನ್ನೊಂದೀಟು ಒಳಗ..."

"ಕೈ ಹೊರಗ ತಗೀರಿ ಅಂದ್ನೆಲ್ಲ!"

ನನ್ನ ಕೂಗಿಗೆ ಎಮ್ಮೆಗಿಂತ ಅಜ್ಜನೇ ಹೆಚ್ಚು ಬೆಚ್ಚಿದ. ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ಇಲಾಖೆಯಲ್ಲಿ ಮಾತಿದೆ. ಆದರೆ ಅದು ಸಿಟ್ಟಾಗಿರಲಿಲ್ಲ, ಹೆದರಿಕೆ. ಅಜ್ಜನ ಮುಂಗೈಯಲ್ಲಿ ಹಲ್ಲು ತಾಗಿದ ಗೀರುಗಳಿದ್ದವು. ಗೀರುಗಳ ಮೇಲೆ ಹಳದಿ ಪುಡಿ ಮೆತ್ತಿತ್ತು.

ಆ ಊರಿನಲ್ಲಿ ದನಗಳಿಗೆ ಗೊಟ್ಟ ಹಾಕುವವನು ಈ ಅಜ್ಜ. ಬಿದಿರಿನ ಓರೆ ಬಾಯಿಯ ಕೊಳವೆಯಲ್ಲಿ ಔಷಧ ತುಂಬಿ, ಒಂದು ಕೈಯಲ್ಲಿ ನಾಲಗೆ ಎಳೆದು ಹಿಡಿದು, ಇನ್ನೊಂದರಲ್ಲಿ ಗಂಟಲಿಗೆ ಸುರಿಯುವ ಕೆಲಸ. ಕೈಗೆ ಹಲ್ಲು ತಾಗುವುದು ಅವನಿಗೆ ದಿನದ ಮಾತು. ಗಾಯವಾದರೆ ಬೀರಪ್ಪನ ಗುಡಿಯ ಭಂಡಾರ ತುಂಬುತ್ತಾರೆ. ಒಮ್ಮೆ ದೇವರ ಅರಿಸಿನ ತುಂಬಿದ ಗಾಯಕ್ಕೆ, ಅದು ತಾನಾಗಿ ಒಣಗಿ ಉದುರುವವರೆಗೆ, ನೀರು ಸೋಕಿಸುವುದಿಲ್ಲ. ಆ ಮನೆಯ ಕಟ್ಟು ಅದು.

"ಇದಕ್ಕ ನಾಯಿ ಏನರ ಕಚ್ಚಿತ್ತಾ?" ಎಂದೆ.

"ಇಲ್ರೀ" ಎಂದ ಅಜ್ಜ.

ಕೊಡ ಹಿಡಿದು ನಿಂತಿದ್ದ ಅವನ ಮಗಳು ತಡೆದು ತಡೆದು ಹೇಳಿದಳು. "ಯಪ್ಪಾ, ಜೋಳ ರಾಶಿ ಮಾಡೋ ಮುಂದ ಒಂದು ನಾಯಿ ಹಟ್ಟ್ಯಾಗ ಹೊಕ್ಕಿತ್ತಲ್ಲ. ಎಮ್ಮಿ ಮೂಗಿಗೆ ಬಾಯಿ ಹಾಕಿತ್ತು. ನೀನ ಭಂಡಾರ ಹಚ್ಚಿದ್ದಿ."

"ಅದು ಆರಿಹೋತಲ್ಲ" ಎಂದ ಅಜ್ಜ.

ನಾನು ಎಮ್ಮೆಯ ಮೂಗು ನೋಡಿದೆ. ಆರಿದ ಕಲೆ ಅಲ್ಲಿತ್ತು. ಗಂಟಲಲ್ಲಿ ಗೊರಟೆ ಇರಲಿಲ್ಲ. ನುಂಗುವ ನರಗಳೇ ಸತ್ತಿದ್ದವು.

ಅಟೆಂಡರ್ ನನ್ನ ಕಿವಿಯಲ್ಲಿ ಮೆಲ್ಲಗೆ, "ಮೇಡಂ, ಇದು ಹುಚ್ಚುನಾಯಿದಾ?" ಎಂದ. ಲ್ಯಾಬಿನಿಂದ ವರದಿ ಬರದೆ ಯಾವುದನ್ನೂ ಹೌದು ಎನ್ನಬಾರದು ಎಂದು ನಮಗೆ ಕಲಿಸಿದ್ದಾರೆ. "ಸಾಬೂನು ತಗೊಂಡು ಬಾ" ಎಂದಷ್ಟೇ ಹೇಳಿದೆ.

ಅಜ್ಜನನ್ನು ಕಟ್ಟೆಯ ಮೇಲೆ ಕೂರಿಸಿ ಭಂಡಾರ ತೊಳೆಯಬೇಕು ಎಂದಾಗ ಅವನು ಕೈ ಹಿಂದಕ್ಕೆ ಎಳೆದುಕೊಂಡ. ದೇವರ ಮಾತಿನ ಜೊತೆಗೆ ಅವನ ಹತ್ತಿರ ಇನ್ನೊಂದು ತಕರಾರೂ ಇತ್ತು.

"ಕಾಲುಬಾಯಿ ಬ್ಯಾನಿ ಬಂದಾಗ ಏನಂದಿದ್ರಿ? ಸಬಕಾರಕ್ಕ ಅದು ಜಗ್ಗಂಗಿಲ್ಲ, ವಾಷಿಂಗ್ ಸೋಡಾನ ಬೇಕು ಅಂದ್ರಿ. ಈಗ ಸಬಕಾರ ಅಂತೀರಿ. ಯಾವ್ದು ಖರೆ?"

"ಎರಡೂ ಖರೆ."

"ಹಂಗ ಹೆಂಗ?"

ಬೇರೆ ಹೊತ್ತಿನಲ್ಲಾಗಿದ್ದರೆ ರೇಗುತ್ತಿದ್ದೆ. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು, ಉತ್ತರ ಕೊಡದೆ ಆ ಕೈ ನನಗೆ ಸಿಗುವಂತಿರಲಿಲ್ಲ. ಮೂಲೆಯಲ್ಲಿ ಉಣ್ಣೆಯ ನೂಲು ಬಿದ್ದಿತ್ತು. ಅದನ್ನು ಬೆರಳಿಗೆ ಸುತ್ತಿ ತೋರಿಸಿದೆ.

"ವೈರಸ್ಸು ಅಂದ್ರ ಬಾಳ ಸಣ್ಣ ವಸ್ತು ಅಜ್ಜಾ. ಕೈಕಾಲಿಲ್ಲ, ಹೊಟ್ಟಿಲ್ಲ. ಒಳಗ ಹಿಂಗ ಒಂದು ಎಳಿ. ತನ್ನಂಥಾದ್ದು ಇನ್ನೊಂದು ಹೆಂಗ ಮಾಡಬೇಕು ಅನ್ನೋದೆಲ್ಲ ಆ ಎಳ್ಯಾಗ ಇರ್ತೈತಿ. ಎಳಿ ಸುತ್ತ ಪ್ರೋಟೀನಿನ ಚಿಪ್ಪು. ಕಾಲುಬಾಯಿ ಬ್ಯಾನಿದು ಅಷ್ಟ, ಬರಿಮೈಲೇ ಅಡ್ಡಾಡ್ತೈತಿ. ಜಿಡ್ಡ ಇಲ್ಲ ಅಂದಮ್ಯಾಲೆ ಸಬಕಾರ ಏನ್ ತಗೀಬೇಕು? ಅದಕ್ಕ ಸೋಡಾ. ಹುಚ್ಚುನಾಯಿದು ಹಂಗಲ್ಲ. ಚಿಪ್ಪಿನ ಮ್ಯಾಲೆ ಒಂದು ಕಂಬಳಿ ಹೊದ್ದಿರ್ತೈತಿ. ಕೊಬ್ಬಿನ ಕಂಬಳಿ."

"ನಮ್ಮಂಗ ಕುರುಬರದೇನು ಅದು?" ಎಂದು ಅಜ್ಜ ನಕ್ಕ.

"ನಿಮ್ಮಂಗಲ್ಲ. ನೀವು ನೇಯ್ದು ಹೊದೀತೀರಿ. ಅದು ಕಳ್ಳತನ ಮಾಡ್ತೈತಿ. ಯಾವ ಜೀವದಾಗ ಹುಟ್ಟಿರ್ತೈತೋ ಅದರ ಮೈಯಿಂದನ ಹರಕೊಂಡು ಹೊರಗ ಬರ್ತೈತಿ. ಆ ಕಂಬಳಿ ತುಂಬ ಮುಳ್ಳು. ಮುಳ್ಳಿಲೆ ನಮ್ಮ ನರಕ್ಕ ಅಂಟ್ಕೊಂತೈತಿ. ಉಣ್ಣಿ ತೊಳದಾಗ ಜಿಡ್ಡು ಹೆಂಗ ಹೋಗ್ತೈತಿ? ಹಂಗ ಸಬಕಾರ ಹಚ್ಚಿದ್ರ ಕಂಬಳಿ ಕರಗತೈತಿ. ಕಂಬಳಿ ಹೋದ್ರ ಮುಳ್ಳೂ ಹೋದುವು, ಅದೂ ಸತ್ತಂಗ."

ಅಜ್ಜ ತನ್ನ ಕೈಯನ್ನೇ ನೋಡುತ್ತ ಕುಳಿತ. ಆಮೇಲೆ ಗುಡಿಯ ದಿಕ್ಕಿಗೆ ಒಮ್ಮೆ ಹಣೆ ಮುಟ್ಟಿಕೊಂಡು ಕೈ ಚಾಚಿದ. ಮಗಳು ಕೊಡದಿಂದ ನೀರು ಸುರಿದಳು. ಕೈಗವಸು ಹಾಕಿಕೊಂಡು ನಾನೇ ಸಾಬೂನು ಉಜ್ಜಿದೆ. ಕಾಲುಗಂಟೆ ಬಿಡದೆ ತೊಳೆಯಬೇಕು. ಹಳದಿ ನೀರು ಕಟ್ಟೆಯಿಂದ ಇಳಿದು ಹೋಗುವುದನ್ನು ಆ ಮನೆಯವರು ಕಣ್ಣು ಕೀಳದೆ ನೋಡಿದರು.

ಕೊಡ ಬರಿದಾದಾಗ ಮಗಳು ಕೇಳಿದಳು: "ಮ್ಯಾಲೆ ಇದ್ದದ್ದು ಹೋತು. ಒಳಗ ಹೋಗಿದ್ದಕ್ಕ?"

ಅವಳಿಗೆ ಎಲ್ಲ ಹೇಳುವ ಮನಸ್ಸಾಗಲಿಲ್ಲ. ನರದೊಳಗೆ ಸೇರಿಕೊಂಡ ಮೇಲೆ ಅಲ್ಲಿಗೆ ಸಾಬೂನು ಮುಟ್ಟುವುದಿಲ್ಲ. ಒಂದು ಹೊತ್ತಿನಲ್ಲಿ ಅದು ತನ್ನ ಹೊದಿಕೆಯನ್ನು ತಾನೇ ಕಳಚಿಡುತ್ತದೆ. ಒಳಗಿನ ಎಳೆ ಬಿಚ್ಚಿಕೊಂಡು, ಆಶ್ರಯ ಕೊಟ್ಟ ಕೋಶದ ಕೈಯಿಂದಲೇ ತನ್ನಂಥವನ್ನು ನೇಯಿಸಿಕೊಳ್ಳುತ್ತದೆ. ಹಾಗೇ ನರ ಹಿಡಿದು ಮಿದುಳಿನ ಕಡೆಗೆ ಸಾಗುತ್ತದೆ. ನೋವಿಲ್ಲ, ಜ್ವರವಿಲ್ಲ. ಮೂಗಿನಿಂದ ದಾರಿ ಹತ್ತಿರ, ಕೈಯಿಂದ ದೂರ. ಅದು ತಲುಪುವ ಮೊದಲು ಲಸಿಕೆ ಮೈಯನ್ನು ಎಬ್ಬಿಸಿದರೆ ಮನುಷ್ಯ ಉಳಿಯುತ್ತಾನೆ. ತಲುಪಿದ ಮೇಲೆ ಯಾವ ವೈದ್ಯನೂ ಇಲ್ಲ.

"ಅದಕ್ಕ ಸೂಜಿ ಅದಾವ" ಎಂದೆ. "ಇವತ್ತ ನಾರಾಯಣಪೇಟಿ ದವಾಖಾನಿಗೆ ಹೋಗಬೇಕು. ಇದರ ಬಾಯಾಗ ಮತ್ತ್ಯಾರರ ಕೈ ಹಾಕೀರೇನು?"

ಅವಳು ಕೊಡ ಕೆಳಗಿಟ್ಟಳು. "ನಿನ್ನಿ ಸಂಜೀಕ ನಮ್ಮನಿಯವರು ದವಡಿ ಹಿಡದಿದ್ರು. ಬೆರಳು ಹರೀತು. ಭಂಡಾರ ತುಂಬ್ಕೊಂಡು ನಸುಕಿನ್ಯಾಗ ಕುರಿ ಹತ್ರ ಹೋದ್ರು, ಮಲ್ದಕಲ್ ಕಡೆ."

ಅವಳ ಗಂಡ ಆ ಮನೆಯ ಮನೆ ಅಳಿಯ. ಬೇಸಿಗೆಯಲ್ಲಿ ಗೊಬ್ಬರಕ್ಕಾಗಿ ಖಾಲಿ ಹೊಲಗಳಲ್ಲಿ ಹಿಂಡು ತರುಬುತ್ತ ಕೃಷ್ಣೆಯ ಆಚೆ ತಿರುಗುವುದು ಅವನ ಕೆಲಸ. ಅವಳು ಅಲ್ಲೇ ಫೋನ್ ಹಚ್ಚಿದಳು, ಹತ್ತಲಿಲ್ಲ. ಕುರಿ ಕಾಯುವವರ ಫೋನಿಗೆ ಚಾರ್ಜ್ ಆಗುವುದು ಯಾರಾದರೂ ರೈತರ ಮನೆಯಲ್ಲಿ ಉಳಿದಾಗ ಮಾತ್ರ. ಅಜ್ಜನನ್ನು ಅಟೆಂಡರ್ ಜೊತೆ ನಾರಾಯಣಪೇಟೆಗೆ ಕಳಿಸಿದೆ. ಎಮ್ಮೆಯ ಕರುವನ್ನು ಬೇರೆ ಕಟ್ಟಿಸಿದೆ. ನಾಯಿ ಅದನ್ನೂ ಕಚ್ಚಿತ್ತೋ ಇಲ್ಲವೋ ಯಾರೂ ನೋಡಿರಲಿಲ್ಲ. ಅದಕ್ಕೂ ಲಸಿಕೆ ಹಾಕಿದೆ. ಆದರೆ ಇಷ್ಟು ವಾರಗಳು ಕಳೆದ ಮೇಲೆ ಹಾಕುವ ಲಸಿಕೆಯ ಮೇಲೆ ನನಗೇ ಭರವಸೆ ಇರಲಿಲ್ಲ.

ಮರುದಿನ ಎಮ್ಮೆ ಸತ್ತಿತು. ನಾವು ತಲುಪುವಷ್ಟರಲ್ಲಿ ಹೆಣವನ್ನು ಹಳ್ಳದ ದಂಡೆಗೆ ಎಳೆದು ಹಾಕಿದ್ದರು, ಸುತ್ತ ಊರ ನಾಯಿಗಳು ಕುಳಿತು ಕಾಯುತ್ತಿದ್ದವು. ಅವನ್ನು ಓಡಿಸಿ, ಎರಡು ಜೊತೆ ಕೈಗವಸು, ಕನ್ನಡಕ, ರಬ್ಬರ್ ಏಪ್ರನ್ ಹಾಕಿಕೊಂಡೆ. ಇಂಥಲ್ಲಿ ಬುರುಡೆ ಒಡೆಯುವುದಿಲ್ಲ, ಎಲುಬಿನ ಚೂರು ಸಿಡಿಯುತ್ತದೆ. ಕುತ್ತಿಗೆಯ ಕೀಲಿನಲ್ಲಿ ತಲೆ ಬೇರ್ಪಡಿಸಿ, ಬುರುಡೆಯ ಹಿಂಬದಿಯ ರಂಧ್ರದಿಂದ ಉದ್ದ ಚಿಮಟ ಇಳಿಸಿ ಮಿದುಳಿನ ಬುಡದ ತುಂಡು ತೆಗೆಯಬೇಕು. ಬಿಸಿಲಿಗೆ ಕನ್ನಡಕದ ಒಳಗೆ ಬೆವರು ಇಳಿದು ಏನೂ ಕಾಣದಾಗುತ್ತಿತ್ತು. ತುಂಡನ್ನು ಗ್ಲಿಸರಿನ್ ದ್ರವದ ಬಾಟಲಿಗೆ ಹಾಕಿ, ಐಸ್ ತುಂಬಿದ ಡಬ್ಬಿಯಲ್ಲಿಟ್ಟು ಹೈದರಾಬಾದಿನ ಬಸ್ಸು ಹತ್ತಿಸಿದೆವು. ಹೆಣವನ್ನು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿಸಿದೆ.

ನಾರಾಯಣಪೇಟೆಯ ನಮ್ಮ ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ತಡೆದಳು. ಮಠ, ಮಡಿ, ಮಂತ್ರಾಲಯ ಎಂದು ಬದುಕಿದವಳು ಅವಳು. ಮಗಳು ಎಮ್ಮೆಯ ತಲೆ ಕೊಯ್ದು ಬಂದಿದ್ದಾಳೆ ಎಂಬ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. "ಅಲ್ಲೇ ನಿಂದ್ರು. ಏನೂ ಮುಟ್ಟಬ್ಯಾಡ" ಎಂದು ಹಿತ್ತಲಲ್ಲಿ ನಿಲ್ಲಿಸಿ, ಸೀಗೆಪುಡಿ ಕೈಗಿಟ್ಟು ತಲೆಯ ಮೇಲೆ ನೀರು ಸುರಿದಳು. ಸೀಗೆಕಾಯಿಯೂ ಜಿಡ್ಡು ಕರಗಿಸುತ್ತದೆ. ಅಮ್ಮನ ಮಡಿಗೂ ನನ್ನ ಪಾಠಕ್ಕೂ ಜಗಳವಿಲ್ಲದ ದಿನ ಬಹುಶಃ ಅದೊಂದೇ.

ಅಜ್ಜನ ಅಳಿಯನ ಫೋನ್ ಮಾತ್ರ ಹತ್ತಲೇ ಇಲ್ಲ. ಆರೋಗ್ಯ ಇಲಾಖೆಯವರಿಗೆ ತಿಳಿಸಿದ್ದೆ. ಆದರೆ ಮಲ್ದಕಲ್ ಇರುವ ಗದ್ವಾಲ್ ಬೇರೆ ಜಿಲ್ಲೆ, ತಿರುಗಾಡುವ ಕುರಿಗಾರನಿಗೆ ವಿಳಾಸವೆಂಬುದಿಲ್ಲ. ಕಾದು ಕೂರುವುದು ನನ್ನ ಸ್ವಭಾವದಲ್ಲಿಲ್ಲ. ಬೆಳಿಗ್ಗೆ ಅವನ ಹೆಂಡತಿಯನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಕೃಷ್ಣೆ ದಾಟಿದೆ. ಮಲ್ದಕಲ್‌ನಲ್ಲಿ ಅವನ ಹಿಂಡು ಇರಲಿಲ್ಲ, ಹಿಕ್ಕೆಗಳಿದ್ದವು. ತುಂಗಭದ್ರೆಯ ಕಡೆ ಹೋಗಿದ್ದಾನೆ ಎಂದರು. ಕೇಳುತ್ತ ಕೇಳುತ್ತ ಹೋಗಿ, ಉಂಡವಳ್ಳಿಯ ಹತ್ತಿರ ಕಟಾವಾದ ಮೆಣಸಿನಕಾಯಿ ಹೊಲದಲ್ಲಿ ಅವನನ್ನು ಹಿಡಿದೆವು. ಬಲೆ ಕಟ್ಟಿದ ದೊಡ್ಡಿಯಲ್ಲಿ ಕುರಿಗಳು ನೆರಳಿಗಾಗಿ ಒಂದರ ಹೊಟ್ಟೆಗೆ ಇನ್ನೊಂದು ತಲೆ ತೂರಿಸಿ ನಿಂತಿದ್ದವು.

ಹೆಂಡತಿಯನ್ನು ನೋಡಿ ಅವನು ಮೊದಲು ನಕ್ಕ. ಆಮೇಲೆ ನನ್ನನ್ನು ನೋಡಿದ, ನಗು ನಿಂತಿತು. ಬಿಸಿಲಿಗೆ ಬಂದಿದ್ದೀರಿ ಎಂದು ನಮಗೆ ನೀರು ಕೊಟ್ಟು ತಾನೂ ಕುಡಿದ. ಅವನ ಗಂಟಲು ಮೇಲೆ ಕೆಳಗೆ ಆಡುವುದನ್ನು ನಾನು ನೋಡುತ್ತಿದ್ದೆ. ಪಕ್ಕಕ್ಕೆ ತಿರುಗಿದರೆ ಅವನ ಹೆಂಡತಿಯೂ ಅದನ್ನೇ ನೋಡುತ್ತಿದ್ದಳು. ನಾನು ಆ ಲಕ್ಷಣ ಅವಳಿಗೆ ಹೇಳಿರಲಿಲ್ಲ. ನೀರಿಗೆ ಹೆದರುವ ರೋಗವೆಂದು ಈ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

"ಕೈ ತೋರಸ್ರಿ" ಎಂದೆ.

ತೋರುಬೆರಳಿನ ಗೆಣ್ಣಿನ ಮೇಲೆ ಭಂಡಾರ ಗಟ್ಟಿಯಾಗಿ ಕೂತಿತ್ತು. ನೀರು ಸೋಕಿಸಿರಲಿಲ್ಲ. ಎಲ್ಲ ಹೇಳಿದೆ.

"ರಿಪೋರ್ಟ್ ಬಂತೇನ್ರಿ?"

"ಇನ್ನೂ ಬಂದಿಲ್ಲ."

"ಬರ್ಲಿ ತಡೀರಿ. ಈಗ ನಾ ಸೂಜಿ ಮಾಡಿಸ್ಕೊಳ್ಳಾಕ ಹೋದ್ರ ಹೊಲದ ರೆಡ್ಡಿ ಯಾಕ ಅಂತಾನ. ಪಿಚ್ಚಿ ಕುಕ್ಕ ಅನ್ನೋ ಮಾತು ಕಿವಿಗೆ ಬಿದ್ರ ಸಾಕು, ಹುಚ್ಚುನಾಯಿ ಬ್ಯಾನಿ ಕುರಿ ಅಂತ ಹಿಂಡು ಎಬ್ಬಸ್ತಾನ. ಈ ಸುತ್ತ ಯಾರೂ ಹೊಲದಾಗ ಇಳಸಂಗಿಲ್ಲ. ಬ್ಯಾಸಗ್ಯಾಗ ಕುರಿ ಎಲ್ಲಿ ಒಯ್ಲಿ?"

"ನಿನ್ನ ಜೀವ?" ಎಂದಳು ಹೆಂಡತಿ.

"ಐತೋ ಇಲ್ಲೋ ಗೊತ್ತಿಲ್ಲದ ಬ್ಯಾನಿಗೆ ಕುರಿ ಕೊಲ್ಲಂದ್ರ ಹೆಂಗ?"

ಆಗಲೇ ನನ್ನ ಫೋನ್ ರಿಂಗಾಯಿತು. ಪ್ರಯೋಗಾಲಯದವರು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ, ಡಬ್ಬಿಯ ಐಸ್ ಕರಗಿ ಮಾದರಿ ಕೊಳೆತಿತ್ತು. ರೇಬೀಸ್ ಇದೆ ಎಂದೂ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು ಎಂದರು. "ಸರಿ ಸರ್" ಎಂದು ಫೋನ್ ಇಟ್ಟೆ.

"ಲ್ಯಾಬಿನವ್ರಾ? ಏನಂದ್ರು?" ಅವನು ಕೇಳಿದ.

ನಿಜ ಹೇಳಿದರೆ ಅವನು ಬರುವುದಿಲ್ಲ, ಅದು ಖಚಿತವಾಗಿತ್ತು. ಎಮ್ಮೆಯ ಆ ಕೂಗನ್ನು ಕೇಳಿದವಳು ನಾನು. ಅದಕ್ಕಿಂತ ಹೆಚ್ಚಿನ ಪುರಾವೆ ನನ್ನ ಬಳಿ ಇರಲಿಲ್ಲ.

"ಐತಿ ಅಂದ್ರು" ಎಂದೆ.

ಅವನು ಕುಸಿದು ಕುಳಿತ. ಹೆಂಡತಿ ಅವನ ರಟ್ಟೆ ಹಿಡಿದು ಎಬ್ಬಿಸಿ ಬೋರ್‌ವೆಲ್ ಪೈಪಿನ ಕೆಳಗೆ ಕೈ ಹಿಡಿಸಿ ಸಾಬೂನು ಉಜ್ಜಿದಳು. ಹಳದಿ ಹೆಕ್ಕಳಿಕೆ ನೆನೆದು ಏಳುವವರೆಗೆ ಅವನು ಕಣ್ಣು ಮುಚ್ಚಿ ಬೀರಪ್ಪನ ಹೆಸರು ಹೇಳುತ್ತಿದ್ದ. ಹಿಂಡನ್ನು ಜೊತೆಗಾರನಿಗೆ ಒಪ್ಪಿಸಿ ಗದ್ವಾಲ್ ಆಸ್ಪತ್ರೆಗೆ ಹೋದೆವು. ಮೊದಲ ಲಸಿಕೆ ತೋಳಿಗೆ. ಆಮೇಲೆ ವೈರಸ್ಸನ್ನು ಅಲ್ಲಲ್ಲೇ ತಡೆಯುವ ಸೀರಮ್, ಗಾಯದ ಸುತ್ತಲೇ ಚುಚ್ಚಬೇಕು. ಬೆರಳಿನಲ್ಲಿ ಜಾಗ ಎಷ್ಟಿರುತ್ತದೆ? ಔಷಧ ತುಂಬಿ ಬೆರಳು ಬಿಗಿದು ಬಿಳಿಯಾಯಿತು. ಅಷ್ಟು ಗಟ್ಟಿ ಆಳು ಮಗುವಿನಂತೆ ಅತ್ತ. ನೋಡಲಾಗದೆ ನಾನು ಹೊರಗೆ ಬಂದೆ.

ಇಷ್ಟಕ್ಕೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆಸ್ಪತ್ರೆಗೆ ಬಂದ ಪತ್ರದಿಂದ ಲ್ಯಾಬಿನ ನಿಜವಾದ ಮಾತು ಅಟೆಂಡರ್‌ಗೂ ಗೊತ್ತಾಗಿತ್ತು. ಅವನು ಕೆಟ್ಟವನಲ್ಲ, ಚಹಾದ ಅಂಗಡಿಯಲ್ಲಿ ಕೂತರೆ ಅವನ ಬಾಯಿ ನಿಲ್ಲುವುದಿಲ್ಲ ಅಷ್ಟೆ. ಸುದ್ದಿ ಉಟ್ಕೂರು ಮುಟ್ಟಿತು. ಅತ್ತ ಅಳಿಯ ಎರಡನೆಯ ಸೂಜಿಗೆ ಹೋಗಿ ಬರುವಷ್ಟರಲ್ಲಿ ಅವನು ಹೆದರಿದಂತೆಯೇ ಹಿಂಡು ಎಬ್ಬಿಸಿದ್ದರು. ಅಜ್ಜ ಮಕ್ತಲ್‌ಗೆ ಬಂದು ಆಸ್ಪತ್ರೆಯ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಅಂದ:

"ಓದಿದೋರು ನೀವು. ಗೊತ್ತಿಲ್ಲ ಅಂದದ್ದನ್ನ ಐತಿ ಅಂದು ನಮ್ಮ ಕುರಿ ಬಿಸಲಿಗೆ ಹಾಕಿಸಿದ್ರಿ. ದೇವರ ಭಂಡಾರ ತೊಳಿಸಿದ್ರಿ."

"ಹೌದು, ಸುಳ್ಳು ಹೇಳೀನಿ. ಅಂಥಾ ಹೊತ್ತು ಬಂದ್ರ ಮತ್ತ ಹೇಳ್ತೀನಿ" ಎಂದೆ. "ಸೂಜಿ ಮಾತ್ರ ಬಿಡಬ್ಯಾಡ್ರಿ ಅಜ್ಜಾ, ಕಾಲಿಗೆ ಬೀಳ್ತೀನಿ."

"ಇನ್ನ ಒಂದೂ ಸೂಜಿ ಇಲ್ಲ. ನನಗೂ ಇಲ್ಲ, ಅವಗೂ ಇಲ್ಲ" ಎಂದು ಹೊರಟುಹೋದ.

ಮುಂದಿನ ಸೂಜಿಯ ದಿನ ಬಂತು, ಹೋಯಿತು. ನಾರಾಯಣಪೇಟೆಯಿಂದಲೂ ಗದ್ವಾಲ್‌ನಿಂದಲೂ ಒಂದೇ ಉತ್ತರ: ಬಂದಿಲ್ಲ. ಸುಳ್ಳಿನ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಆದರೆ ಆ ದಿನಗಳಲ್ಲಿ ಬೇರೆಯದೊಂದು ಯೋಚನೆ ಕಚ್ಚುತ್ತಿತ್ತು. ಎಮ್ಮೆಗೆ ಬೇರೆ ಯಾವುದೋ ರೋಗವಿದ್ದಿದ್ದರೆ? ಆಗ ನಾನು ಒಂದು ಮನೆಯ ಅನ್ನಕ್ಕೆ ಕಲ್ಲು ಹಾಕಿದವಳು. ನಾನು ತಪ್ಪಾಗಿರಲಿ ಎಂದು ಮನಸ್ಸಾರೆ ಬೇಡಿಕೊಂಡೆ. ನನ್ನಂಥ ಹಟಮಾರಿ ಹಾಗೆ ಬೇಡಿಕೊಳ್ಳುವುದು ಅಪರೂಪ.

ಒಂದು ಬೆಳಿಗ್ಗೆ ಅಜ್ಜನ ಮಗಳ ಫೋನ್ ಬಂತು. ಅಪ್ಪನಿಗೆ ಗೊತ್ತಾಗದಂತೆ ಮಾಡಿದ್ದಳೆಂದು ಅವಳ ದನಿಯಲ್ಲೇ ತಿಳಿಯಿತು.

"ಡಾಕ್ಟರಮ್ಮ, ಕರು ನಿನ್ನಿಂದ ನೀರು ಮುಟ್ಟವಲ್ದು. ಹಿಂದಿನ ಕಾಲು ಎಳಿಯಾಕ ಹತ್ತೈತಿ. ಇದನ್ನ ಕೇಳ್ರಿ."

ಅವಳು ಫೋನನ್ನು ಕರುವಿನ ಕಡೆ ಹಿಡಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅದೇ ಕೂಗು, ಇನ್ನೂ ಎಳೆಯದು. ಗಂಟಲು ಒಡೆದು, ಮಧ್ಯದಲ್ಲಿ ಕಡಿದುಹೋಗುವ ಕೂಗು.

"ಯಾರೂ ಹತ್ರ ಹೋಗಬ್ಯಾಡ್ರಿ. ನಿಮ್ಮಪ್ಪಗ ಕೇಳಸವ್ವಾ" ಎಂದೆ.

"ಅವ ಇಲ್ಲೇ ಕೇಳ್ಕೋತ ನಿಂತಾನ್ರಿ" ಎಂದಳು, ಆಗಷ್ಟೇ ಅವನನ್ನು ಕಂಡವಳಂತೆ. ಆಮೇಲೆ ಅಜ್ಜನ ದನಿ ಬಂತು. "ಸೂಜಿ ಈಗ ಹಾಕ್ತಾರೇನವ್ವಾ?" ಎಂದಷ್ಟೇ ಕೇಳಿದ.

ಕರು ಸತ್ತ ಮೇಲೆ ಅದರ ಮಿದುಳಿನ ಮಾದರಿಯನ್ನು ಈ ಸಲ ಬಸ್ಸಿಗೆ ಕೊಡಲಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನೇ ಹೈದರಾಬಾದಿಗೆ ಒಯ್ದೆ. ಸೂಕ್ಷ್ಮದರ್ಶಕದ ಕಪ್ಪು ನೆಲದ ಮೇಲೆ, ವೈರಸ್ಸು ಇದ್ದಲ್ಲೆಲ್ಲ, ಸೇಬು ಹಸಿರಿನ ಚುಕ್ಕೆಗಳು ಹೊಳೆದವು. ಲ್ಯಾಬಿನವರು, "ಇದೆ" ಎಂದರು. ಕರುವಿನ ಹಿಂಗಾಲಿನ ಕೂದಲ ಕೆಳಗೆ ಹಲ್ಲಿನ ಹಳೆಯ ಕಲೆ ಸಿಕ್ಕಿತ್ತು. ಕಾಲಿನಿಂದ ಮಿದುಳಿಗೆ ದಾರಿ ದೂರ. ಅಷ್ಟು ದಿನ ಅದು ಒಳಗೆ ನಡೆಯುತ್ತಲೇ ಇತ್ತು.

ಅಜ್ಜನೂ ಅಳಿಯನೂ ಉಳಿದ ಸೂಜಿಗಳನ್ನೆಲ್ಲ ಮುಗಿಸಿದರು. ಅಜ್ಜನ ಗಾಯ ಆ ದಿನವೇ ತೊಳೆದದ್ದು, ಅವನ ಬಗ್ಗೆ ನನಗೆ ಧೈರ್ಯವಿದೆ. ಅಳಿಯನ ಬೆರಳಿಗೆ ನೀರು ಮುಟ್ಟಿದ್ದು ತಡವಾಗಿ, ನಡುವೆ ಸೂಜಿಯೂ ತಪ್ಪಿತ್ತು. ಬಹುಮಟ್ಟಿಗೆ ಏನೂ ಆಗುವುದಿಲ್ಲ ಎಂದು ಗದ್ವಾಲ್‌ನ ವೈದ್ಯರು ಹೇಳಿದ್ದಾರೆ. ಎಷ್ಟು ತಿಂಗಳು ಕಾಯಬೇಕು ಎಂದು ಹೆಂಡತಿ ಕೇಳಿದಾಗ ಮಾತ್ರ ಅವರು ನೇರ ಉತ್ತರ ಕೊಡಲಿಲ್ಲ.

ಈಗ ಅವಳೂ ಗಂಡನ ಜೊತೆ ಹಿಂಡಿನಲ್ಲೇ ಇದ್ದಾಳೆ. ಬೆಳಿಗ್ಗೆ ಎದ್ದ ಕೂಡಲೇ ಅವನ ಕೈಗೆ ಚೊಂಬು ಕೊಡುತ್ತಾಳೆ. ಅವಳು ಯಾಕೆ ನೋಡುತ್ತಾಳೆಂದು ಅವನಿಗೂ ಗೊತ್ತು, ಅದಕ್ಕೇ ಗುಟುಕಿನ ಸದ್ದು ಕೇಳುವಂತೆ ಕುಡಿಯುತ್ತಾನಂತೆ. ಆಮೇಲೆ ಅವಳು ನನಗೆ ಫೋನ್ ಮಾಡುತ್ತಾಳೆ. ಯೋಗಕ್ಷೇಮದ ಮಾತಿಲ್ಲ, "ನೀರು ಕುಡದ್ರು ರೀ" ಎಂದಷ್ಟೇ ಹೇಳಿ ಇಡುತ್ತಾಳೆ. ನಾನು ಚಹಾ ಕುಡಿಯುವುದು ಆಮೇಲೆ. ಮಡಿಯಲ್ಲಿರುವ ಅಮ್ಮನೂ ದೇವರ ಮನೆಯಿಂದ, "ಬಂತೇನ ಫೋನು?" ಎಂದು ಕೇಳುತ್ತಾಳೆ.

ಇವತ್ತು ಬಿಸಿಲು ಅಂಗಳಕ್ಕೆ ಇಳಿದಿದೆ. ಅಮ್ಮ ಎರಡು ಸಲ ಕೇಳಿದಳು. ನದಿಯ ಆಚೆ ಸಿಗ್ನಲ್ ಸರಿಯಿಲ್ಲ ಎಂದು ಎರಡು ಸಲವೂ ಹೇಳಿದೆ. ಚಹಾ ಆರಿದೆ. ಫೋನ್ ಇನ್ನೂ ಬಂದಿಲ್ಲ.